ಗಿಡವಾಗಿರುವಾಗಲೇ ಸರಿಪಡಿಸೋಣ: ಹುಟ್ಟಿನಿಂದ ಬರುವ ಸೊಟ್ಟ ಪಾದ ಮತ್ತು ಅದರ ಚಿಕಿತ್ಸೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

 

ನಾನು ಡಾಕ್ಟರ್ ಅಲ್ಲ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವ ಒಬ್ಬ ಸಾಮಾನ್ಯ ಶಿಕ್ಷಕಿ. ಮೂಳೆ, ಕೀಲುಗಳ ವಿಷಯ ಈ ಟೀಚರಿಗೆ ಯಾಕೆ ಎಂದು ನಿಮಗೆ ಅನಿಸಬಹುದು. ಅದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಹುಟ್ಟಿದ ಒಂದು ಮಗುವಿನ ಸೊಟ್ಟ ಪಾದವನ್ನು ವೈದ್ಯರು ಸರಿಮಾಡಿ ಕೊಟ್ಟಿದ್ದರು. ಅದು ಮತ್ತೆ ಸೊಟ್ಟಗಾಗಲು ನನ್ನ ಈ ಕೈಗಳೂ ಕಾರಣವಾದವು. ಆ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದು ಎಂಬುದಷ್ಟೇ ಈ ದಿನ ಮಾತನಾಡುವ ನನ್ನ ಉದ್ದೇಶ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ನಾವು ಮಕ್ಕಳಿಗೆ ನಡತೆಯ ಪಾಠ ಹೇಳುವಾಗ ಬಳಸುತ್ತೇವೆ. ಆದರೆ ಮೂಳೆ ವೈದ್ಯಶಾಸ್ತ್ರಕ್ಕೂ ಈ ಮಾತಿಗೂ ಹತ್ತಿರದ ನಂಟಿದೆ. ಇಂಗ್ಲಿಷಿನಲ್ಲಿ ಮೂಳೆ ಚಿಕಿತ್ಸೆಗೆ ‘ಆರ್ಥೋಪೆಡಿಕ್ಸ್’ ಎನ್ನುತ್ತಾರಲ್ಲವೇ? ಫ್ರಾನ್ಸಿನ ನಿಕೊಲಾಸ್ ಆಂದ್ರಿ ಎಂಬ ವೈದ್ಯರು 1741ರಲ್ಲಿ ಬರೆದ ಪುಸ್ತಕದಿಂದ ಆ ಹೆಸರು ಬಂದಿತು. ‘ನೇರ’ ಮತ್ತು ‘ಮಗು’ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಸೇರಿಸಿ ಅವರು ಅದನ್ನು ಕಟ್ಟಿದರು. ಆ ಪುಸ್ತಕದಲ್ಲಿ ಒಂದು ಚಿತ್ರವಿದೆ. ಸೊಟ್ಟಗೆ ಬೆಳೆಯುತ್ತಿರುವ ಎಳೆಯ ಮರವನ್ನು ಪಕ್ಕದಲ್ಲಿ ನೆಟ್ಟ ಗೂಟಕ್ಕೆ ಹಗ್ಗದಿಂದ ಸುತ್ತಿ ಕಟ್ಟಲಾಗಿದೆ. ಇಂದಿಗೂ ಜಗತ್ತಿನ ಅನೇಕ ಮೂಳೆ ವೈದ್ಯರ ಸಂಘಗಳಿಗೆ ಆ ಚಿತ್ರವೇ ಲಾಂಛನ. ನಮ್ಮ ಗಾದೆ ಮತ್ತು ಅವರ ಲಾಂಛನ ಹೇಳುವುದು ಒಂದೇ ಮಾತು. ಎಳೆಯದರಲ್ಲಿ ಸರಿಪಡಿಸಬೇಕು, ಆದರೆ ಬಲವಂತದಿಂದ ಅಲ್ಲ, ಮೆಲ್ಲಗೆ. ಮತ್ತು ಕಟ್ಟಿದ ಹಗ್ಗವನ್ನು ಅವಧಿಗೆ ಮೊದಲು ಬಿಚ್ಚಬಾರದು.

ಸೊಟ್ಟ ಪಾದ ಎಂದರೇನು?

ಕೆಲವು ಶಿಶುಗಳು ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿ, ಹಿಮ್ಮಡಿ ಮೇಲಕ್ಕೆ ಎಳೆದುಕೊಂಡು, ಅಂಗಾಲು ಮತ್ತೊಂದು ಕಾಲಿನತ್ತ ಮುಖಮಾಡಿರುತ್ತದೆ. ಇದಕ್ಕೆ ವೈದ್ಯರು ‘ಕ್ಲಬ್ ಫೂಟ್’ ಎನ್ನುತ್ತಾರೆ. ಜಗತ್ತಿನಾದ್ಯಂತ ಹುಟ್ಟುವ ಸುಮಾರು 1000 ಮಕ್ಕಳಲ್ಲಿ ಒಂದಕ್ಕಾದರೂ ಇದು ಇರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಎರಡೂ ಪಾದಗಳು ಹೀಗಿರುತ್ತವೆ.

ಇಲ್ಲಿ ಮೂಳೆ ಮುರಿದಿರುವುದಿಲ್ಲ. ಪಾದದ ಸಣ್ಣ ಸಣ್ಣ ಮೂಳೆಗಳು ಕೂರಬೇಕಾದ ಜಾಗದಿಂದ ಒಳಕ್ಕೆ ಸರಿದಿರುತ್ತವೆ. ಕೀಲುಗಳನ್ನು ಹಿಡಿದಿಡುವ ಪಟ್ಟಿಗಳು ಒಳಮಗ್ಗುಲಲ್ಲಿ ಬಿಗಿಯಾಗಿರುತ್ತವೆ. ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ದಪ್ಪ ಹುರಿ, ಅಂದರೆ ಸ್ನಾಯುರಜ್ಜು, ಗಿಡ್ಡವಾಗಿರುತ್ತದೆ. ಹೀಗೆ ಮೂಳೆ, ಕೀಲು, ಸ್ನಾಯುರಜ್ಜು ಮೂರೂ ಸೇರಿದ ತೊಂದರೆ ಇದು. ಆದರೆ ನವಜಾತ ಶಿಶುವಿನ ಪಾದದ ಮೂಳೆಗಳ ಬಹುಭಾಗ ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತದೆ. ಕುಂಬಾರನ ಕೈಯಲ್ಲಿರುವ ಹಸಿ ಮಣ್ಣಿನಂತೆ ಅದು ತಿದ್ದಿದರೆ ತಿದ್ದಿಕೊಳ್ಳುತ್ತದೆ. ಆದ್ದರಿಂದಲೇ ಮೊದಲ ವಾರಗಳು ಬಹಳ ಮುಖ್ಯ.

ಪತ್ತೆ ಹಚ್ಚುವುದು ಹೇಗೆ?

ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಹುಟ್ಟಿದ ದಿನವೇ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಹೇಳಬಹುದು. ಕೆಲವೊಮ್ಮೆ ಗರ್ಭಿಣಿಯ ಸ್ಕ್ಯಾನಿಂಗಿನಲ್ಲೇ ಗೊತ್ತಾಗುವುದುಂಟು. ಗರ್ಭದಲ್ಲಿ ಮಲಗಿದ ಭಂಗಿಯಿಂದ ಬರೀ ಬಾಗಿರುವ ಪಾದವಾದರೆ, ಅದನ್ನು ಕೈಯಿಂದ ಮೆಲ್ಲಗೆ ಸಹಜ ಸ್ಥಿತಿಗೆ ತರಬಹುದು. ನಿಜವಾದ ಸೊಟ್ಟ ಪಾದ ಹಾಗೆ ಬರುವುದಿಲ್ಲ, ಬಿಗಿಯಾಗಿರುತ್ತದೆ. ಈ ವ್ಯತ್ಯಾಸವನ್ನು ವೈದ್ಯರೇ ಹೇಳಬೇಕು. ಅವರು ಮಗುವಿನ ಬೆನ್ನುಹುರಿ ಮತ್ತು ಸೊಂಟದ ಕೀಲುಗಳನ್ನೂ ಪರೀಕ್ಷಿಸುತ್ತಾರೆ, ಏಕೆಂದರೆ ಕೆಲವು ಮಕ್ಕಳಲ್ಲಿ ಅಲ್ಲಿಯೂ ತೊಂದರೆ ಇರಬಹುದು.

ಎಷ್ಟು ಸೊಟ್ಟಗಿದೆ ಎಂದು ಅಳೆಯಲು ಒಂದು ಅಂಕಪಟ್ಟಿಯೂ ಇದೆ. ಅದನ್ನು ರೂಪಿಸಿದವರು ಕೆನಡಾದ ಮೂಳೆ ವೈದ್ಯ ಡಾ. ಶಫೀಕ್ ಪಿರಾನಿ. ಪಾದದ 6 ಲಕ್ಷಣಗಳನ್ನು ನೋಡಿ, ಒಂದೊಂದಕ್ಕೂ ಸೊನ್ನೆ, ಅರ್ಧ ಅಥವಾ ಒಂದು ಅಂಕ ಕೊಡುತ್ತಾರೆ. ನಮ್ಮ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದರೆ ಸಂತೋಷ. ಇಲ್ಲಿ 6 ಬಂದರೆ ಪಾದ ಬಹಳ ಸೊಟ್ಟ, ಸೊನ್ನೆ ಬಂದರೆ ಪಾಸು!

ತಾಯಿಯ ತಪ್ಪಲ್ಲ

2016ರಲ್ಲಿ ನಾನು ಬಿ.ಎಡ್. ಓದುತ್ತಿದ್ದಾಗ ನಮ್ಮ ಆಪಾಗೆ ತವರಿನಲ್ಲಿ ಹೆರಿಗೆಯಾಯಿತು. ಗಂಡು ಮಗು. ಬಲಪಾದ ಒಳಕ್ಕೆ ತಿರುಗಿತ್ತು. ಮಗುವನ್ನು ನೋಡಲು ಬಂದ ಹಿರಿಯರೊಬ್ಬರು ಮೊದಲು ಕೇಳಿದ ಪ್ರಶ್ನೆ, ‘ಗ್ರಹಣದ ದಿನ ಏನು ಕತ್ತರಿಸಿದೆ?’ ಎಂದು. ಒಂಬತ್ತು ತಿಂಗಳು ಹೊತ್ತು ಹೆತ್ತವಳು ಅಪರಾಧಿಯಂತೆ ತಲೆತಗ್ಗಿಸಿ ಕುಳಿತಿದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.

ಗ್ರಹಣಕ್ಕೂ ಮಗುವಿನ ಪಾದಕ್ಕೂ ಸಂಬಂಧವಿಲ್ಲ. ಈಳಿಗೆಮಣೆ, ಕತ್ತರಿ ಮುಟ್ಟಿದ್ದಕ್ಕೂ ಸಂಬಂಧವಿಲ್ಲ. ಪ್ರವಾದಿಯವರ (ಸ) ಪುಟ್ಟ ಮಗ ಇಬ್ರಾಹೀಮರು ತೀರಿಕೊಂಡ ದಿನ ಸೂರ್ಯಗ್ರಹಣವಾದಾಗ ಜನರು ಎರಡನ್ನೂ ಜೋಡಿಸಿ ಮಾತನಾಡಿದರೆಂದೂ, ಯಾರ ಸಾವಿಗೂ ಹುಟ್ಟಿಗೂ ಗ್ರಹಣ ಹಿಡಿಯುವುದಿಲ್ಲವೆಂದು ಪ್ರವಾದಿಯವರು ತಿಳಿಹೇಳಿದರೆಂದೂ ನಾವು ಮದ್ರಸಾದಲ್ಲೇ ಕಲಿತಿದ್ದೇವೆ. ಕಲಿತದ್ದನ್ನು ಬಾಣಂತಿಯ ಕೋಣೆಯಲ್ಲಿ ಏಕೆ ಮರೆಯುತ್ತೇವೆ? ಹೆಚ್ಚಿನ ಮಕ್ಕಳಲ್ಲಿ ಇದಕ್ಕೆ ಇಂಥದ್ದೇ ಕಾರಣವೆಂದು ವೈದ್ಯವಿಜ್ಞಾನ ಬೊಟ್ಟು ಮಾಡಿ ಹೇಳುವುದಿಲ್ಲ. ವಂಶದಲ್ಲಿ ಇದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು. ಅಷ್ಟೆ. ಆಪಾದನೆಯಲ್ಲಿ ಕಳೆಯುವ ಒಂದೊಂದು ವಾರವೂ ಮಗುವಿಗೆ ನಷ್ಟ.

ಗಡಿಯಾರ ರಿಪೇರಿಯವರ ಮಗ

ಇದರ ಚಿಕಿತ್ಸೆಗೆ ‘ಪೊನ್ಸೆಟಿ ವಿಧಾನ’ ಎಂದು ಹೆಸರು. ವಿದ್ಯಾರ್ಥಿಗಳೇ, ಈ ಹೆಸರಿನ ಹಿಂದಿನ ಕತೆಯನ್ನು ನೀವು ವಿಶೇಷವಾಗಿ ಕೇಳಬೇಕು. ಇಗ್ನಾಸಿಯೋ ಪೊನ್ಸೆಟಿ 1914ರ ಜೂನ್ 3ರಂದು ಸ್ಪೇನ್ ದೇಶದ ಮೆನೋರ್ಕಾ ದ್ವೀಪದಲ್ಲಿ ಹುಟ್ಟಿದರು. ತಂದೆ ಗಡಿಯಾರ ರಿಪೇರಿ ಮಾಡುವವರು. ಮಗನೂ ತಂದೆಯ ಪಕ್ಕ ಕುಳಿತು ಆ ಸೂಕ್ಷ್ಮ ಕೆಲಸ ಕಲಿತ. ಡಾಕ್ಟರಾದ ಮೇಲೆ ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಮುರಿದ ಮೂಳೆಗಳಿಗೆ ಪ್ಲಾಸ್ಟರ್ ಹಾಕಿದರು. ಯುದ್ಧದ ನಂತರ ದೇಶ ಬಿಟ್ಟು ಫ್ರಾನ್ಸ್, ಮೆಕ್ಸಿಕೋ ಮಾರ್ಗವಾಗಿ 1941ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಸೇರಿದರು.

ಆಗ ಸೊಟ್ಟ ಪಾದಕ್ಕೆ ದೊಡ್ಡ ಆಪರೇಷನ್ ಮಾಡುತ್ತಿದ್ದರು. ಅಂಥ ಪಾದಗಳು ದೊಡ್ಡವರಾದ ಮೇಲೆ ಬಿರುಸಾಗಿ, ನೋವಿನಿಂದ ಕೂಡಿರುವುದನ್ನು ಪೊನ್ಸೆಟಿ ಗಮನಿಸಿದರು. ಪಾದದ ಕೀಲುಗಳು ಒಂದರೊಡನೊಂದು ಹೇಗೆ ಚಲಿಸುತ್ತವೆ ಎಂದು ಅಭ್ಯಾಸ ಮಾಡಿ, ಕೈಯಿಂದ ನೀವಿ, ಪ್ಲಾಸ್ಟರ್ ಹಾಕಿ ಸರಿಪಡಿಸುವ ಕ್ರಮವನ್ನು ಕಂಡುಕೊಂಡರು. 1963ರಲ್ಲಿ ಅದನ್ನು ಪ್ರಕಟಿಸಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. ಸುಮಾರು 30 ವರ್ಷ ಅವರು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಲೇ ಇದ್ದರು. ಮಕ್ಕಳಾಗಿದ್ದಾಗ ಅವರಿಂದ ಚಿಕಿತ್ಸೆ ಪಡೆದವರು ನಡುವಯಸ್ಸಿಗೆ ಬಂದರೂ ಚೆನ್ನಾಗಿ ನಡೆದಾಡುತ್ತಿರುವುದು 1990ರ ದಶಕದಲ್ಲಿ ಬೆಳಕಿಗೆ ಬಂದ ಮೇಲೆ ಜಗತ್ತು ಅವರತ್ತ ತಿರುಗಿತು. 2009ರಲ್ಲಿ, 95ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಹುಟ್ಟಿದ ದಿನವಾದ ಜೂನ್ 3 ಇಂದು ವಿಶ್ವ ಕ್ಲಬ್ ಫೂಟ್ ದಿನ. ಉಗಾಂಡದಂತಹ ಬಡ ದೇಶದಲ್ಲಿ ತರಬೇತಿ ಪಡೆದ ಆರೋಗ್ಯ ಸಿಬ್ಬಂದಿಯೇ ಈ ಪ್ಲಾಸ್ಟರ್ ಹಾಕುತ್ತಾರೆ. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ, ತಿಳಿದ ಕೈ ಮತ್ತು ತಾಳ್ಮೆ.

ಚಿಕಿತ್ಸೆಯ ಮೂರು ಹಂತಗಳು

ಮೊದಲನೆಯದು ಪ್ಲಾಸ್ಟರ್. ಸಾಧ್ಯವಾದರೆ ಹುಟ್ಟಿದ ಒಂದೆರಡು ವಾರಗಳಲ್ಲೇ ಆರಂಭಿಸಬೇಕು. ವೈದ್ಯರು ಪಾದವನ್ನು ಕೆಲವು ನಿಮಿಷ ಮೆಲ್ಲಗೆ ನೀವಿ, ಎಷ್ಟು ತಿರುಗುತ್ತದೋ ಅಷ್ಟಕ್ಕೇ ನಿಲ್ಲಿಸಿ, ಕಾಲ್ಬೆರಳಿನಿಂದ ತೊಡೆಯವರೆಗೆ, ಮೊಣಕಾಲನ್ನು ಮಡಿಸಿ ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ತೆಗೆದು, ಇನ್ನಷ್ಟು ತಿರುಗಿಸಿ, ಹೊಸದು ಹಾಕುತ್ತಾರೆ. ಸಾಮಾನ್ಯವಾಗಿ 5ರಿಂದ 7 ಪ್ಲಾಸ್ಟರ್ ಸಾಕು. ನಮ್ಮ ಮಗುವಿಗೆ ಆರು ಬೇಕಾದವು. ಪ್ರತಿ ಬುಧವಾರ ಬೆಳಗಿನ ಬಸ್ಸಿಗೆ ಆಪಾ ಮತ್ತು ನಾನು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದೆವು. ವಾರದಿಂದ ವಾರಕ್ಕೆ ಪಾದ ಹೊರಕ್ಕೆ ತಿರುಗುತ್ತಿರುವುದನ್ನು ನೋಡಿದಾಗ ಆಪಾಳ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡೆ.

ಪ್ಲಾಸ್ಟರ್ ಇರುವಾಗ ತಾಯಂದಿರು ಈ ವಿಷಯಗಳನ್ನು ನೆನಪಿಡಬೇಕು. ಅದನ್ನು ನೆನೆಯಲು ಬಿಡಬಾರದು. ಕಾಲ್ಬೆರಳುಗಳನ್ನು ದಿನಕ್ಕೆ ಹಲವು ಬಾರಿ ನೋಡಬೇಕು. ಬೆರಳನ್ನು ಒತ್ತಿ ಬಿಟ್ಟರೆ ಬಿಳಿಚಿದ ಬಣ್ಣ ತಕ್ಷಣ ಕೆಂಪಿಗೆ ಮರಳಬೇಕು. ಬೆರಳು ನೀಲಿಯಾದರೆ, ತಣ್ಣಗಾದರೆ, ಊದಿಕೊಂಡರೆ, ಪ್ಲಾಸ್ಟರ್ ಜಾರಿ ಬೆರಳುಗಳು ಒಳಗೆ ಮರೆಯಾದರೆ, ಕೆಟ್ಟ ವಾಸನೆ ಬಂದರೆ, ಮಗು ಸಮಾಧಾನವಾಗದಂತೆ ಅಳುತ್ತಿದ್ದರೆ ಮುಂದಿನ ವಾರಕ್ಕೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಎರಡನೆಯದು ಹಿಮ್ಮಡಿಯ ಸಣ್ಣ ಶಸ್ತ್ರಕ್ರಿಯೆ. ಪಾದ ಹೊರಕ್ಕೆ ತಿರುಗಿದ ಮೇಲೂ ಹಿಮ್ಮಡಿ ಮೇಲೆಯೇ ಉಳಿದಿರುತ್ತದೆ. ಹೆಚ್ಚಿನ ಮಕ್ಕಳಿಗೆ ಆ ಗಿಡ್ಡವಾದ ಸ್ನಾಯುರಜ್ಜುವನ್ನು ಚರ್ಮದ ಮೂಲಕವೇ ಚಿಕ್ಕದಾಗಿ ಕತ್ತರಿಸುತ್ತಾರೆ. ಎಳೆ ಮಗುವಾದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ, ಕೆಲವು ನಿಮಿಷಗಳ ಕೆಲಸ ಇದು. ನಮ್ಮ ಓಣಿಯಲ್ಲಿ ‘ನಸ್ ಕಾಟ್ತೆ ಕತೆ’ ಎಂಬ ಸುದ್ದಿ ಹಬ್ಬಿ, ಮಗು ಜೀವನಪೂರ್ತಿ ಕುಂಟುತ್ತದೆ ಎಂದು ಹೆದರಿಸಿದರು. ಕನ್ನಡದಲ್ಲೂ ನಾವು ಎಲ್ಲಕ್ಕೂ ‘ನರ’ ಎಂದುಬಿಡುತ್ತೇವೆ. ಆದರೆ ಮಿದುಳಿನ ಸಂದೇಶ ಒಯ್ಯುವ ನರ ಬೇರೆ, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಬೇರೆ. ಇಲ್ಲಿ ಕತ್ತರಿಸುವುದು ಸ್ನಾಯುರಜ್ಜುವನ್ನು. ಅದಾದ ಮೇಲೆ 3 ವಾರ ಕೊನೆಯ ಪ್ಲಾಸ್ಟರ್ ಇರುತ್ತದೆ. ಆ ಅವಧಿಯಲ್ಲಿ ಹುರಿ ಬೇಕಾದಷ್ಟು ಉದ್ದಕ್ಕೆ ಮತ್ತೆ ಬೆಳೆದು ಕೂಡಿಕೊಳ್ಳುತ್ತದೆ.

ಮೂರನೆಯದು ಪಟ್ಟಿಯ ಬೂಟು. ಎರಡು ಬೂಟುಗಳನ್ನು ಒಂದು ಅಡ್ಡಪಟ್ಟಿಗೆ ಜೋಡಿಸಿರುತ್ತಾರೆ. ಸರಿಪಡಿಸಿದ ಪಾದ 60ರಿಂದ 70 ಡಿಗ್ರಿ, ಸಹಜ ಪಾದ 30ರಿಂದ 40 ಡಿಗ್ರಿ ಹೊರಕ್ಕೆ ತಿರುಗಿರುವಂತೆ ಇಟ್ಟಿರುತ್ತಾರೆ. ಮೊದಲ 3 ತಿಂಗಳು ದಿನಕ್ಕೆ 23 ಗಂಟೆ ಹಾಕಬೇಕು. ಆ ಮೇಲೆ ರಾತ್ರಿ ಮತ್ತು ಹಗಲು ಮಲಗುವಾಗ ಮಾತ್ರ. ಆದರೆ ಅದು ಮಗುವಿಗೆ 4ರಿಂದ 5 ವರ್ಷ ಆಗುವವರೆಗೆ! ಪ್ಲಾಸ್ಟರ್ ಕೆಲಸ ಮುಗಿಯುವುದು ವಾರಗಳಲ್ಲಿ, ಬೂಟಿನ ಕೆಲಸ ಮುಗಿಯುವುದು ವರ್ಷಗಳಲ್ಲಿ. ಮೊದಲ ಎರಡು ಹಂತ ವೈದ್ಯರ ಕೈಯಲ್ಲಿ. ಮೂರನೆಯದು ಸಂಪೂರ್ಣ ಮನೆಯವರ ಕೈಯಲ್ಲಿ. ಗಿಡಕ್ಕೆ ಕಟ್ಟಿದ ಹಗ್ಗವೆಂದರೆ ಇದೇ.

ನಾವು ಹಗ್ಗ ಬಿಚ್ಚಿದೆವು

ನಮ್ಮ ಮಗು ವರ್ಷ ತುಂಬಿದ ಮೇಲೆ ಎಲ್ಲ ಮಕ್ಕಳಂತೆ ನಡೆಯಿತು. ನೋಡಿದವರಿಗೆ ಯಾವ ಪಾದ ಸೊಟ್ಟಗಿತ್ತೆಂದು ಗೊತ್ತಾಗುತ್ತಿರಲಿಲ್ಲ. ನಮ್ಮ ಅಪಾಯ ಅಲ್ಲಿಯೇ ಶುರುವಾಯಿತು. 2017ರ ಕೊನೆಯಲ್ಲಿ ಮನೆಯಲ್ಲಿ ಒಂದು ಮದುವೆ. ಮನೆ ತುಂಬ ನೆಂಟರು. ರಾತ್ರಿ ಬೂಟು ಹಾಕಿದಾಗ ಮಗು ಅತ್ತಿತು. ‘ಪಾದ ನೆಟ್ಟಗೇ ಇದೆಯಲ್ಲ, ಕೂಸಿಗೆ ಏಕೆ ಬೇಡಿ ಹಾಕುತ್ತೀರಿ?’ ಎಂದು ಎಲ್ಲರೂ ಅಂದರು. ಆಪಾ ಅಡುಗೆಮನೆಯಲ್ಲಿದ್ದಳು. ಮಗು ನನ್ನತ್ತ ಕೈಚಾಚಿ ‘ಖಾಲಾ’ ಎಂದಿತು. ಬೂಟಿನ ಪಟ್ಟಿ ಬಿಚ್ಚಿದವಳು ನಾನೇ. ಪ್ರೀತಿಯಿಂದಲೇ ಬಿಚ್ಚಿದೆ. ಮದುವೆ ಮುಗಿದ ಮೇಲೂ ಬೂಟು ಟ್ರಂಕಿನ ಮೇಲೆಯೇ ಉಳಿಯಿತು. ಒಂದು ರಾತ್ರಿ ಒಂದು ವಾರವಾಯಿತು, ವಾರ ತಿಂಗಳುಗಳಾದವು. ಮತ್ತೆ ಹಾಕಲು ಹೋದಾಗ ಮಗು ಒಪ್ಪಲಿಲ್ಲ. ನಾವೂ ಸುಮ್ಮನಾದೆವು.

2018ರ ಬೇಸಿಗೆಯ ಹೊತ್ತಿಗೆ ಮಗುವಿನ ಬಲ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಪಾದ ಮತ್ತೆ ಒಳಕ್ಕೆ ತಿರುಗತೊಡಗಿತ್ತು. ವೈದ್ಯರು ಬೈಯಲಿಲ್ಲ. ‘ನೋಡಮ್ಮಾ, ನನ್ನ ಕೆಲಸ ಎರಡು ತಿಂಗಳಿನದ್ದು, ನಿಮ್ಮದು ನಾಲ್ಕು ವರ್ಷದ್ದು’ ಎಂದರು. ಮತ್ತೆ ಮೂರು ಪ್ಲಾಸ್ಟರ್ ಆದವು. ಎರಡು ವರ್ಷದ ತುಂಟ ಮಗುವಿಗೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿ ಮನೆಯಲ್ಲಿ ಹಿಡಿದಿಡುವುದು ಎಷ್ಟು ಕಷ್ಟವೆಂದು ತಾಯಂದಿರೇ ಬಲ್ಲರು. ಅದಾದ ಮೇಲೆ 5 ವರ್ಷ ತುಂಬುವವರೆಗೆ ಒಂದು ರಾತ್ರಿಯೂ ಬೂಟು ತಪ್ಪಿಸಲಿಲ್ಲ. ಹಲ್ಲುಜ್ಜಿ, ದುಆ ಹೇಳಿ, ಬೂಟು ಹಾಕಿ ಮಲಗುವುದೇ ರೂಢಿಯಾಯಿತು. ರೂಢಿಯಾದ ಮೇಲೆ ಮಗು ಅಳುವುದನ್ನೇ ಮರೆಯಿತು.

ನಮ್ಮದು ಅಷ್ಟಕ್ಕೇ ಸರಿಹೋಯಿತು. ಹೀಗೆ ಮರುಕಳಿಸಿದ ಕೆಲವು ಮಕ್ಕಳಿಗೆ, ಮೂರು ವರ್ಷದ ಆಸುಪಾಸಿನ ನಂತರ, ಪಾದದ ಒಂದು ಸ್ನಾಯುರಜ್ಜುವಿನ ಜಾಗ ಬದಲಿಸುವ ಶಸ್ತ್ರಕ್ರಿಯೆಯೂ ಬೇಕಾಗಬಹುದು. ಸೊಟ್ಟ ಪಾದ ಮರುಕಳಿಸಲು ಮುಖ್ಯ ಕಾರಣವೇ ಬೂಟು ಬಿಡುವುದು. ಬೂಟಿನಿಂದ ಚರ್ಮ ಕೆಂಪಾದರೆ, ಹುಣ್ಣಾದರೆ, ಹಿಮ್ಮಡಿ ಮೇಲೆ ಜಾರಿದರೆ ವೈದ್ಯರಿಗೆ ತೋರಿಸಿ ಸರಿಮಾಡಿಸಿ. ಪಾದ ಬೆಳೆದಂತೆ ದೊಡ್ಡ ಬೂಟು ಕೇಳಿ ಪಡೆಯಿರಿ. ನೀವಾಗಿಯೇ ನಿಲ್ಲಿಸಬೇಡಿ.

ತಡವಾದವರಿಗೆ ಏನು?

ನನ್ನ ಆರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಪ್ರಾರ್ಥನೆಯ ಗಂಟೆಗೆ ಮೊದಲೇ ಬಂದು, ಬೆಂಚಿನ ಕೆಳಗೆ ಪಾದಗಳನ್ನು ಮರೆಮಾಡಿ ಕೂರುತ್ತಿದ್ದಳು. ಪಾದದ ಹೊರ ಅಂಚಿನ ಮೇಲೆ ನಡೆದೂ ನಡೆದೂ ಅಲ್ಲಿ ಚರ್ಮ ದಡ್ಡುಗಟ್ಟಿತ್ತು. ಯಾವ ಚಪ್ಪಲಿಯೂ ನಿಲ್ಲುತ್ತಿರಲಿಲ್ಲ. ಕೂಲಿ ಮಾಡುವ ತಂದೆಯನ್ನು ಕರೆಸಿ ಕೇಳಿದೆ. ಚಿಕ್ಕಂದಿನಲ್ಲಿ ಎಣ್ಣೆ ನೀವಿಸಿ ಪಟ್ಟು ಕಟ್ಟಿಸಿದೆವು, ಸರಿಹೋಗಲಿಲ್ಲ, ‘ತಕ್ದೀರ್’ ಎಂದು ಸುಮ್ಮನಾದೆವು ಎಂದರು. ಮಗುವಿನ ತಕ್ದೀರಿನಲ್ಲಿ ಚಿಕಿತ್ಸೆಯೂ ಬರೆದಿರಬಾರದೇಕೆ?

ಪೊನ್ಸೆಟಿ ವಿಧಾನದಿಂದ ನಡೆಯುವ ವಯಸ್ಸು ದಾಟಿದ ಮಕ್ಕಳಿಗೂ ಪ್ರಯೋಜನವಾಗುತ್ತದೆ ಎಂದು ಈಗ ತಿಳಿದಿದೆ. ಪ್ಲಾಸ್ಟರ್‌ಗಳ ಸಂಖ್ಯೆ ಹೆಚ್ಚು, ಜೊತೆಗೆ ಶಸ್ತ್ರಕ್ರಿಯೆಯೂ ಬೇಕಾಗಬಹುದು. ಶಾಲಾ ತಪಾಸಣೆಗೆ ಬಂದ ಆರೋಗ್ಯ ತಂಡದ ಮುಂದೆ ಆ ಹುಡುಗಿಯನ್ನು ನಿಲ್ಲಿಸಿದೆ. ಅವರು ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದರು. ಈಗ ಅವಳಿಗೆ ಪ್ಲಾಸ್ಟರ್ ನಡೆಯುತ್ತಿದೆ. ಪೂರ್ತಿ ಸರಿಹೋಗುತ್ತದೆಂದು ವೈದ್ಯರು ಭರವಸೆ ಕೊಟ್ಟಿಲ್ಲ, ಆದರೆ ಅಂಗಾಲು ನೆಲಕ್ಕೆ ಊರುವಂತೆ ಮಾಡಲು ಪ್ರಯತ್ನಿಸುತ್ತೇವೆ ಎಂದಿದ್ದಾರೆ. ‘ಟೀಚರ್, ನಾನೂ ಬೂಟು ಹಾಕ್ಕೊಂಡು ಬರ್ತೀನಾ?’ ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಹನ್ನೊಂದು ವರ್ಷ ಮೊದಲು ಆರು ವಾರಗಳಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ಆ ಮಗು ಇಂದು ಬೆಲೆ ತೆರುತ್ತಿದೆ.

ನಾವೇನು ಮಾಡಬಹುದು?

ಸರ್ಕಾರ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಅದರ ಉದ್ದೇಶ. ಅದರ ಪಟ್ಟಿಯಲ್ಲಿ ಸೊಟ್ಟ ಪಾದವೂ ಇದೆ. ಹೆರಿಗೆ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯ ಮನೆಭೇಟಿಯಲ್ಲಿ, ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ನೋಡಿ, ಬೇಕಾದವರನ್ನು ಉಚಿತ ಚಿಕಿತ್ಸೆಗೆ ಕಳುಹಿಸುವ ವ್ಯವಸ್ಥೆ ಇದು. ಆದ್ದರಿಂದ ಹಣವಿಲ್ಲ ಎಂದು ಯಾರೂ ಮನೆಯಲ್ಲಿ ಕೂರಬೇಕಾಗಿಲ್ಲ. ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನೋ ಕೇಳಿ.

ಆದರೆ ಚಿಕಿತ್ಸೆ ಉಚಿತವಾದರೂ ವಾರವಾರವೂ ಬಸ್ ಚಾರ್ಜ್ ಬೇಕು, ಆ ದಿನದ ಕೂಲಿ ಹೋಗುತ್ತದೆ. ಎಷ್ಟೋ ಬಡ ಕುಟುಂಬಗಳು ಎರಡು ಪ್ಲಾಸ್ಟರ್ ಆದ ಮೇಲೆ ನಿಲ್ಲಿಸಿಬಿಡುವುದು ಇದಕ್ಕಾಗಿ. ನಮ್ಮ ಸಂಘವು ವಿದ್ಯಾರ್ಥಿವೇತನ ಕೊಡುವಂತೆ, ಇಂತಹ ಒಂದು ಮಗುವಿನ ಆರೇಳು ವಾರಗಳ ಪ್ರಯಾಣದ ಖರ್ಚನ್ನು ವಹಿಸಿಕೊಳ್ಳಬಾರದೇಕೆ ಎಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಶಿಕ್ಷಕ ಬಂಧುಗಳೇ, ಜೂನ್ ತಿಂಗಳಲ್ಲಿ ಹೊಸ ಮಕ್ಕಳು ದಾಖಲಾಗುವಾಗ ಅವರ ಹೆಸರಿನ ಜೊತೆಗೆ ಅವರ ನಡಿಗೆಯನ್ನೂ ಒಮ್ಮೆ ನೋಡಿ. ವಿದ್ಯಾರ್ಥಿಗಳೇ, ಸೊಟ್ಟ ಪಾದದ ಸಹಪಾಠಿಯನ್ನು ಅಡ್ಡಹೆಸರಿನಿಂದ ಕರೆಯಬೇಡಿ. ಅಮೆರಿಕದ ಕ್ರಿಸ್ಟಿ ಯಮಗುಚಿ ಸೊಟ್ಟ ಪಾದಗಳೊಂದಿಗೇ ಹುಟ್ಟಿ, ಚಿಕಿತ್ಸೆ ಪಡೆದು, 1992ರ ಒಲಿಂಪಿಕ್ಸ್‌ನಲ್ಲಿ ಮಂಜಿನ ಮೇಲಿನ ಸ್ಕೇಟಿಂಗ್‌ನಲ್ಲಿ ಚಿನ್ನದ ಪದಕ ಗೆದ್ದರೆಂಬುದನ್ನು ನೆನಪಿಡಿ. ತಾಯಂದಿರೇ, ದಾದಿ ನಾನಿಯರೇ, ಬೂಟು ಹಾಕಿದ ಮಗು ಅತ್ತರೆ ಎತ್ತಿಕೊಳ್ಳಿ, ಮುದ್ದಿಸಿ, ಕತೆ ಹೇಳಿ. ಬೂಟನ್ನು ಮಾತ್ರ ಬಿಚ್ಚಬೇಡಿ.

ನಮ್ಮ ಆಪಾಳ ಮಗ ಈಗ ಪ್ರಾಥಮಿಕ ಶಾಲೆಯಲ್ಲಿದ್ದಾನೆ. ಬಲಗಾಲಿನ ಮೀನಖಂಡ ಎಡದ್ದಕ್ಕಿಂತ ಸ್ವಲ್ಪ ತೆಳು, ಬಲಪಾದ ಸ್ವಲ್ಪ ಚಿಕ್ಕದು. ಇಂತಹ ಪಾದಗಳಲ್ಲಿ ಅಷ್ಟು ವ್ಯತ್ಯಾಸ ಉಳಿಯುವುದು ಸಹಜವಂತೆ. ಆದರೆ ಸಂಜೆ ಮೈದಾನದಲ್ಲಿ ಬೌಲಿಂಗ್ ಮಾಡಲು ಓಡಿ ಬರುವಾಗ ಅದು ಯಾರಿಗೂ ಕಾಣುವುದಿಲ್ಲ. ಆ ಚಿಕ್ಕ ಬೂಟನ್ನು ನಾನು ಇಂದು ನಿಮಗೆ ತೋರಿಸಲೆಂದು ತಂದಿದ್ದೇನೆ. ಅದರ ಪಟ್ಟಿಗಳು ಸವೆದಿವೆ. ದಿನವೂ ಹಾಕಿದ ಬೂಟು ಹೀಗೆ ಸವೆಯಬೇಕು, ಹೊಸದಾಗಿ ಟ್ರಂಕಿನ ಮೇಲೆ ಉಳಿಯಬಾರದು.

 ನಮ್ಮ ಮಕ್ಕಳೆಲ್ಲರೂ ತಮ್ಮ ಕಾಲ ಮೇಲೆ ತಾವು ನಿಲ್ಲುವಂತಾಗಲಿ ಎಂದು ಪ್ರಾರ್ಥಿಸುತ್ತ ನನ್ನ ಮಾತುಗಳನ್ನು ಮುಗಿಸುತ್ತೇನೆ. ಖುದಾ ಹಾಫಿಜ್.